ದುಡಿಮೆಯ ಬಾಗಿಲು

'ಉದ್ಯೋಗಂ ಪುರುಷಲಕ್ಷಣಂ' ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಉದ್ಯೋಗವು ಮನುಷ್ಯನಿಗೆ ಅನ್ನವನ್ನಷ್ಟೇ ಅಲ್ಲದೆ ಸಮಾಜದಲ್ಲಿ ಒಂದು ನೆಲೆಯನ್ನೂ ಕೊಡುತ್ತದೆ ಎಂಬ ತಿಳಿವು ಅದರಲ್ಲಿ ಅಡಗಿದೆ. ಆದರೆ ಆ ಮಾತಿನಲ್ಲಿ ಒಂದು ಕೊರತೆಯೂ ಉಂಟು. ದುಡಿಮೆಯು ಪುರುಷನ ಲಕ್ಷಣವಾದರೆ ಸ್ತ್ರೀಯ ಪಾಡೇನು? ಯಾರು ಯಾವ ಕೆಲಸಕ್ಕೆ ತಕ್ಕವರೆಂದು ನಿರ್ಣಯಿಸುವವರು ಯಾರು? ಪ್ರಶ್ನೆ ಹಳೆಯದಾದರೂ ಇಂದು ಅದು ಹೊಸ ರೂಪದಲ್ಲಿ ಎದುರಾಗಿದೆ.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆ ಮನೆಯ ಅಜ್ಜಿ ತಾರುಣ್ಯದಲ್ಲಿ ಕೈಗಡಿಯಾರದ ಕಾರ್ಖಾನೆಯಲ್ಲಿ ದುಡಿದವಳು. 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಎಳ್ಳುಕಾಳಿಗಿಂತ ಚಿಕ್ಕದಾದ ತಿರುಪನ್ನೂ ಕೂದಲೆಳೆಯಂಥ ಸುರುಳಿಯನ್ನೂ ಚಿಮಟದಲ್ಲಿ ಹಿಡಿದು ಅದರದರ ಸ್ಥಾನದಲ್ಲಿ ಕೂರಿಸುವ ಕೆಲಸದಲ್ಲಿ ಮಹಿಳೆಯರೂ ನಿಷ್ಣಾತರಾದರು. ಹಳೆಯ ಮಾತಿಗೆ ಅವರ ಬೆರಳುಗಳೇ ಉತ್ತರ ಹೇಳಿದವು.

ಆಗ ಕೆಲಸ ದೊರೆಯುತ್ತಿದ್ದ ಬಗೆಯೇ ಬೇರೆ. ಓದು ಮುಗಿಸಿದವರು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರನ್ನು ನೋಂದಾಯಿಸಿ ಚೀಟಿಯೊಂದನ್ನು ಪಡೆಯುತ್ತಿದ್ದರು. ಸರ್ಕಾರಿ ಉದ್ಯಮಗಳೂ ದೊಡ್ಡ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ತೆರವಾದ ಸ್ಥಾನಗಳನ್ನು ಆ ಕೇಂದ್ರಕ್ಕೆ ತಿಳಿಸಬೇಕೆಂದು 1959ರ ಶಾಸನವೊಂದು ವಿಧಿಸಿತ್ತು. ಅಂಚೆಯಲ್ಲಿ ಕರೆಯೋಲೆ ಬರುವ ವೇಳೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆಯುತ್ತಿದ್ದವು. ಸಂದರ್ಶನದ ದಿನ ಮೇಜಿನಾಚೆ ಕುಳಿತವರು ಪ್ರಮಾಣಪತ್ರಗಳನ್ನು ತಿರುವಿಹಾಕಿ, ಹತ್ತು ಪ್ರಶ್ನೆ ಕೇಳಿ, ಅಭ್ಯರ್ಥಿಯ ಮುಖವನ್ನೊಮ್ಮೆ ದಿಟ್ಟಿಸಿ ನೋಡುತ್ತಿದ್ದರು. ಆ ಪದ್ಧತಿ ನಿರ್ದೋಷವಾಗಿರಲಿಲ್ಲ. ವಶೀಲಿಗೂ ಪಕ್ಷಪಾತಕ್ಕೂ ಅಲ್ಲಿ ಎಡೆಯಿತ್ತು. ಆದರೆ ಇಂಥ ಕಾರ್ಖಾನೆಯನ್ನು ಒಮ್ಮೆ ಹೊಕ್ಕವರಿಗೆ ನಿವೃತ್ತಿಯವರೆಗೆ ಚಿಂತೆಯಿಲ್ಲವೆಂಬ ಭರವಸೆಯಿತ್ತು.

ಆ ಭರವಸೆಯನ್ನು ಕದಲಿಸಿದ್ದು ಒಂದು ಚೂರು ಸ್ಫಟಿಕ. ಕೀಲಿ ಕೊಡುವ ಗಡಿಯಾರದ ಚಕ್ರವು ಸಾಮಾನ್ಯವಾಗಿ ಸೆಕೆಂಡಿಗೆ ಐದಾರು ಬಾರಿ ಮಿಡಿದರೆ, ಕ್ವಾರ್ಟ್ಜ್ ಗಡಿಯಾರದ ಸ್ಫಟಿಕವು 32,768 ಬಾರಿ ಕಂಪಿಸುತ್ತದೆ. ಅದಕ್ಕೆ ಕೀಲಿ ಬೇಡ, ಬಿಡಿಭಾಗಗಳು ಕಡಿಮೆ, ಕಾಲಗಣನೆ ನಿಖರ. 1984ರಲ್ಲಿ ಸ್ಥಾಪನೆಯಾದ ಟೈಟನ್ ಸಂಸ್ಥೆ ನೆರೆಯ ಹೊಸೂರಿನಲ್ಲಿ ಇಂಥ ಗಡಿಯಾರಗಳನ್ನು ತಯಾರಿಸಿ ಮಾರುಕಟ್ಟೆಯನ್ನು ಗೆದ್ದಿತು. ಮುಂದೆ ಮೊಬೈಲ್ ಫೋನು ಕೈಗಡಿಯಾರದ ಅಗತ್ಯವನ್ನೇ ತಗ್ಗಿಸಿತು. ನಷ್ಟದಲ್ಲಿ ಮುಳುಗಿದ್ದ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಆ ಬೆರಳುಗಳ ಕುಶಲತೆ ಕುಂದಿರಲಿಲ್ಲ. ಅದನ್ನು ಬೇಡುವವರು ಇಲ್ಲವಾಗಿದ್ದರು.

ಆ ಅಜ್ಜಿಯ ಮೊಮ್ಮಗಳು ಇಂದು ಕೆಲಸ ಅರಸುತ್ತಿದ್ದಾಳೆ. ಅವಳ ಅರ್ಜಿಗೆ ಅಂಚೆಚೀಟಿ ಬೇಕಿಲ್ಲ. ಗುಂಡಿಯೊತ್ತಿದ ಕ್ಷಣದಲ್ಲಿ ಅದು ಹತ್ತು ಸಂಸ್ಥೆಗಳನ್ನು ಮುಟ್ಟುತ್ತದೆ. ಆದರೆ ಇದೇ ಅನುಕೂಲ ಉಳಿದ ಸಾವಿರಾರು ಮಂದಿಗೂ ಉಂಟಷ್ಟೆ! ಅಷ್ಟು ಅರ್ಜಿಗಳನ್ನು ಓದುವವರಾರು? ಅನೇಕ ಸಂಸ್ಥೆಗಳಲ್ಲಿ ಅವನ್ನು ಮೊದಲು ಜರಡಿ ಹಿಡಿಯುವುದು ಗಣಕಯಂತ್ರ. ತನಗೆ ಬೇಕಾದ ಪದಗಳು ಅರ್ಜಿಯಲ್ಲಿವೆಯೇ ಎಂದು ಅದು ಹುಡುಕುತ್ತದೆ. ಕೆಲವೆಡೆ ಸಂದರ್ಶನವೂ ಹೀಗೆಯೇ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೂ ಕ್ಯಾಮೆರಾದ ಕಣ್ಣನ್ನೇ ನೋಡುತ್ತ ಉತ್ತರ ಹೇಳಬೇಕು.

ಯಂತ್ರಕ್ಕೆ ಬಂಧುಗಳಿಲ್ಲ, ಜಾತಿಯಿಲ್ಲ. ಆದುದರಿಂದ ಅದು ನಿಷ್ಪಕ್ಷಪಾತಿ ಎಂದು ಭಾವಿಸುವವರುಂಟು. ಅಮೆರಿಕದ ಅಮೆಜಾನ್ ಸಂಸ್ಥೆಯ ಅನುಭವ ಬೇರೆಯಾಗಿತ್ತು. ಅರ್ಜಿಗಳನ್ನು ತೂಗಿ ನೋಡಲು ಅದು ಪ್ರಯೋಗಾರ್ಥವಾಗಿ ಒಂದು ಯಂತ್ರವ್ಯವಸ್ಥೆಯನ್ನು ರೂಪಿಸಿ, ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಅದಕ್ಕೆ ಪಾಠ ಕಲಿಸಿತು. ಆ ಅರ್ಜಿಗಳಲ್ಲಿ ಹೆಚ್ಚಿನವು ಪುರುಷರವು. ಯಂತ್ರವು ಅದನ್ನೇ ಮಾದರಿಯೆಂದು ಬಗೆದು ಸ್ತ್ರೀಯರ ಅರ್ಜಿಗಳಿಗೆ ಕಡಿಮೆ ಬೆಲೆ ಕಟ್ಟತೊಡಗಿತು. ಸಂಸ್ಥೆಯು ಆ ವ್ಯವಸ್ಥೆಯನ್ನು ಕೈಬಿಟ್ಟಿತೆಂದು 2018ರಲ್ಲಿ ವರದಿಯಾಯಿತು. 'ಪುರುಷಲಕ್ಷಣಂ' ಎಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ಯಂತ್ರ ಕಲಿತುಬಿಟ್ಟಿತ್ತು! ಮೇಜಿನಾಚೆಯ ಮನುಷ್ಯ ಅನ್ಯಾಯ ಮಾಡಿದರೆ ಅವನನ್ನು ಕೇಳಬಹುದು. ಯಂತ್ರ ತಳ್ಳಿಹಾಕಿದ ಅರ್ಜಿಯ ಕಾರಣವನ್ನು ಯಾರಲ್ಲಿ ಕೇಳುವುದು?

ಬಾಗಿಲಿನಂತೆ ಒಳಮನೆಯೂ ಬದಲಾಗಿದೆ. ಊಟವನ್ನು ಮನೆಮನೆಗೆ ಮುಟ್ಟಿಸುವ, ಬಾಡಿಗೆ ವಾಹನ ನಡೆಸುವ ಅಸಂಖ್ಯ ಯುವಕರಿಗೆ ಫೋನಿನ ಪರದೆಯೇ ಮೇಲಧಿಕಾರಿ. ಬೇಕಾದಾಗ ದುಡಿಯುವ ಸ್ವಾತಂತ್ರ್ಯ ಅಲ್ಲುಂಟು. ಆದರೆ ತಿಂಗಳ ಸಂಬಳದ ನಿಶ್ಚಯವಿಲ್ಲ, ನಿವೃತ್ತಿವೇತನದ ಆಸರೆಯಿಲ್ಲ. ಇದನ್ನರಿತು ಕರ್ನಾಟಕವು 2025ರಲ್ಲಿ ಇಂಥ ದುಡಿಮೆಗಾರರಿಗಾಗಿ ಶಾಸನವೊಂದನ್ನು ಮಾಡಿತು. ಅವರ ಕ್ಷೇಮಕ್ಕೆಂದು ನಿಧಿಯನ್ನು ಕಲ್ಪಿಸಿದ್ದಲ್ಲದೆ, ಕೆಲಸದಿಂದ ತೆಗೆಯುವಾಗ ಸಾಮಾನ್ಯವಾಗಿ 14 ದಿನಗಳ ಮುನ್ಸೂಚನೆಯನ್ನೂ ಲಿಖಿತ ಕಾರಣವನ್ನೂ ಕೊಡಬೇಕೆಂದು ಅದು ವಿಧಿಸುತ್ತದೆ. ಕಾರಣ ಕೇಳುವ ಹಕ್ಕು ದುಡಿಯುವವನ ಮಾನಕ್ಕೆ ಸಂಬಂಧಿಸಿದ್ದು.

ಜಾಲಹಳ್ಳಿಯ ಆ ಮನೆಯಲ್ಲಿ ಮೊಮ್ಮಗಳು ಸಂದರ್ಶನ ಮುಗಿಸಿ ಕೋಣೆಯಿಂದ ಹೊರಬರುತ್ತಾಳೆ. "ನಿನ್ನನ್ನು ಯಾರು ನೋಡಿದರು?" ಎಂದು ಅಜ್ಜಿ ಕೇಳುತ್ತಾಳೆ. ಹುಡುಗಿಗೆ ಉತ್ತರ ತೋಚುವುದಿಲ್ಲ.

ಒಮ್ಮೆ ಕಲಿತ ವಿದ್ಯೆ ಬಾಳಿನುದ್ದಕ್ಕೂ ಅನ್ನ ಕೊಡುವ ಕಾಲ ಹಿಂದೆ ಸರಿಯುತ್ತಿದೆ. ಹೊಸದನ್ನು ಮತ್ತೆ ಮತ್ತೆ ಕಲಿಯುವುದು ಇಂದಿನ ತರುಣ ತರುಣಿಯರಿಗೆ ಅನಿವಾರ್ಯ. ಆದರೆ ಹೊಣೆಯೆಲ್ಲ ಅವರದೇ ಎನ್ನುವುದು ನ್ಯಾಯವಲ್ಲ. ಯಂತ್ರವು ಅರ್ಜಿಗಳನ್ನು ವಿಂಗಡಿಸಲಿ. ಕೊನೆಗೆ ಅಭ್ಯರ್ಥಿಯನ್ನು ನೋಡುವ ಕಣ್ಣು, ಬೇಡವೆಂದಾಗ ಕಾರಣ ಹೇಳುವ ಬಾಯಿ ಮನುಷ್ಯನದಾಗಿರಲಿ. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಮೊಮ್ಮಗಳಲ್ಲ. ಕೆಲಸ ಕೊಡುವ ಸಮಾಜ.