ಟಿಕ್ ಹಾಕಿದವನು ನಾನೇ

ಮಕ್ಕಳೇ, ಇದು 2007ರ ಮಾತು. ಎಂ.ಎಸ್ಸಿ. ಮುಗಿಸಿ ಆಗಷ್ಟೇ ಮೇಷ್ಟ್ರಾಗಿದ್ದೆ. ನಮ್ಮ ಶಾಲೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳಿದ್ದವು. ನಾಲ್ಕರಲ್ಲೂ ವಿಂಡೋಸ್ ಎಕ್ಸ್‌ಪಿ. ಒಂದರಲ್ಲಿ ಏಳನೆಯ ತರಗತಿಯವರು ಜೂನ್‌ನಿಂದ ದಿನವೂ ಅಳೆದ ಮಳೆಯ ಲೆಕ್ಕವಿತ್ತು.

ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡೇ ದಿನ ಇರುವಾಗ ಅದು ಕೆಟ್ಟಿತು. ಹುಡುಗನೊಬ್ಬ ಆಟದ ಸಿ.ಡಿ. ತಂದು ಹಾಕಿದ್ದ. ಆಮೇಲೆ ಕಂಪ್ಯೂಟರ್ ಶುರುವಾದ ಒಂದು ನಿಮಿಷಕ್ಕೇ ಅಲ್ಲಾಡದೆ ನಿಂತುಬಿಡುತ್ತಿತ್ತು. ಆಟವನ್ನು ತೆಗೆದುಹಾಕಿದರೂ ಸರಿಹೋಗಲಿಲ್ಲ. ತರಗತಿಯಲ್ಲಿ ಯಾರೂ ಅವನೊಡನೆ ಮಾತಾಡಲಿಲ್ಲ. ಪಾಪ, ಅವನು ಬಿಸಿಯೂಟಕ್ಕೂ ಬರಲಿಲ್ಲ.

"ಹೆದರಬೇಡ, ಇದರ ಮದ್ದು ಕಂಪ್ಯೂಟರಿನೊಳಗೇ ಇದೆ" ಎಂದೆ. ಆ ಮದ್ದಿನ ಹೆಸರು ಸಿಸ್ಟಂ ರಿಸ್ಟೋರ್. ಹಬ್ಬಕ್ಕೆ ಸುಣ್ಣ ಬಳಿಯುವ ಮೊದಲು ಯಾವ ಡಬ್ಬಿ ಎಲ್ಲಿತ್ತೆಂದು ಅಮ್ಮ ನೆನಪಿಟ್ಟುಕೊಂಡು, ಆಮೇಲೆ ಹಾಗೆಯೇ ಜೋಡಿಸುವುದಿಲ್ಲವೇ? ಇದೂ ಹಾಗೆಯೇ. ಕಂಪ್ಯೂಟರನ್ನು ನಡೆಸುವ ಕಡತಗಳು ಬದಲಾಗುವ ಮುನ್ನ ಅವುಗಳ ಹಳೆಯ ಪ್ರತಿಯನ್ನು ಎತ್ತಿಡುತ್ತದೆ. ಹೀಗೆ ಗುರುತಿಟ್ಟ ಘಳಿಗೆಗೆ ರಿಸ್ಟೋರ್ ಪಾಯಿಂಟ್ ಎಂದು ಹೆಸರು. ಯಂತ್ರ ಕೆಟ್ಟರೆ ಆ ಘಳಿಗೆಗೆ ಹಿಂದಿರುಗಬಹುದು.

ಎಫ್8 ಕೀಲಿ ಒತ್ತಿ ಸೇಫ್ ಮೋಡ್‌ನಲ್ಲಿ ತೆರೆದೆ. ಆದರೆ ಸಿಸ್ಟಂ ರಿಸ್ಟೋರ್ ಆಫ್ ಆಗಿತ್ತು! ಹಿಂದಿರುಗಲು ಒಂದು ದಿನವೂ ಉಳಿದಿರಲಿಲ್ಲ.

"ಆಫ್ ಮಾಡಿದವರು ಯಾರು ಸಾರ್?" ಎಂದಳು ಒಬ್ಬಳು. ಎಲ್ಲರೂ ಆ ಹುಡುಗನತ್ತ ತಿರುಗಿದರು.

ನನಗೆ ನೆನಪಾಯಿತು. ಎರಡು ತಿಂಗಳ ಹಿಂದೆ ವೈರಸ್ ಬಂದಿತ್ತು. ವೈರಸ್ ಹಳೆಯ ರಿಸ್ಟೋರ್ ಪಾಯಿಂಟ್‌ಗಳಲ್ಲೂ ಅಡಗಿರಬಹುದು. ಅದಕ್ಕಾಗಿ ನಾನೇ ನಾಲ್ಕು ಯಂತ್ರಗಳಲ್ಲೂ ಅದನ್ನು ಆಫ್ ಮಾಡಿದ್ದೆ. ಆಫ್ ಮಾಡಿದರೆ ಹಳೆಯ ಪಾಯಿಂಟ್‌ಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ಆನ್ ಮಾಡುವುದನ್ನು ಮರೆತಿದ್ದೆ. ಬಾಯಿ ಒಣಗಿತು. ಆದರೂ "ನಾನೇ" ಎಂದೆ.

ಮಳೆಯ ಲೆಕ್ಕವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ರಾತ್ರಿ ಹತ್ತರವರೆಗೆ ಕೂತು ವಿಂಡೋಸನ್ನು ಹೊಸದಾಗಿ ಹಾಕಿದೆ.

ಮರುದಿನ ಉಳಿದ ಮೂರು ಯಂತ್ರಗಳ ದುರಸ್ತಿ. ಆ ಹುಡುಗನನ್ನೇ ಕೂರಿಸಿದೆ. ಮೈ ಕಂಪ್ಯೂಟರ್ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ ಸಿಸ್ಟಂ ರಿಸ್ಟೋರ್. ಅಲ್ಲಿದ್ದ ಟಿಕ್ ತೆಗೆದರೆ ಆನ್. "ಟಿಕ್ ಹಾಕಿದರೆ ಆಫ್ ಆಗುತ್ತಾ? ಉಲ್ಟಾ ಇದೆ ಸಾರ್" ಎಂದು ನಕ್ಕ. ನಿಜ, ನನಗೂ ಅದು ಉಲ್ಟಾ ಎಂದೇ ಅನಿಸುತ್ತದೆ.

ಎರಡು ಸರಿಹೋದವು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ನೋಡಿದರೆ 'ಸಿ' ಡ್ರೈವ್ ತುಂಬಿತ್ತು. ಪ್ರತಿಗಳನ್ನು ಇಡಲು ಎಕ್ಸ್‌ಪಿಗೆ ಕನಿಷ್ಠ 200 ಎಂ.ಬಿ. ಖಾಲಿ ಜಾಗ ಬೇಕು. ಯಾರೋ ತುಂಬಿದ್ದ ಸಿನಿಮಾ ಹಾಡುಗಳನ್ನು ಅಳಿಸಿದೆವು. ಅದೂ ಶುರುವಾಯಿತು.

ಶುರುವಾದರೆ ಸಾಕೇ? ಪರೀಕ್ಷಿಸಬೇಡವೇ? ಒಂದು ರಿಸ್ಟೋರ್ ಪಾಯಿಂಟ್ ಮಾಡಿದೆವು. ಆಮೇಲೆ ಸಣ್ಣದೊಂದು ಚದುರಂಗದ ಆಟ ಹಾಕಿದೆವು. ಮೈ ಡಾಕ್ಯುಮೆಂಟ್ಸ್‌ನಲ್ಲಿ ಅವನು ತನ್ನ ಹೆಸರು ಬರೆದು ಉಳಿಸಿದ. ಹಿಂದಿರುಗಿದರೆ ಯಾವುದು ಹೋಗುತ್ತದೆ ಎಂದು ಕೇಳಿದೆ. "ಎರಡೂ" ಎಂದ. ಯಂತ್ರ ಮತ್ತೆ ತೆರೆದಾಗ ಚದುರಂಗ ಇರಲಿಲ್ಲ, ಅವನ ಹೆಸರು ಮಾತ್ರ ಹಾಗೇ ಇತ್ತು.

ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ನಮ್ಮ ಬರಹವನ್ನು ಇದು ಮುಟ್ಟುವುದೇ ಇಲ್ಲ ಅಂದರೆ, ಅದು ಅಳಿಸಿಹೋದಾಗ ತಂದುಕೊಡುವುದೂ ಇಲ್ಲ ಅಲ್ಲವೇ ಸಾರ್?"

ಹೌದು. ಅಂದಿನಿಂದ ಮಳೆಯ ಲೆಕ್ಕದ ಇನ್ನೊಂದು ಪ್ರತಿಯನ್ನು ಪ್ರತಿ ಶನಿವಾರ ಪೆನ್ ಡ್ರೈವಿಗೆ ಹಾಕುವ ಕೆಲಸವನ್ನು ಅವನೇ ವಹಿಸಿಕೊಂಡ.

ವಿಂಡೋಸ್ 10 ಮತ್ತು 11ರಲ್ಲೂ ಈ ಸೌಲಭ್ಯವಿದೆ. ಸಿಸ್ಟಂ ಪ್ರೊಟೆಕ್ಷನ್ ಎಂಬಲ್ಲಿ ಸಿಗುತ್ತದೆ. ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. ನಿಮ್ಮ ಶಾಲೆಯದರಲ್ಲಿ ಹೇಗಿದೆ? ಮೇಷ್ಟ್ರನ್ನು ಜೊತೆಗೆ ಕೂರಿಸಿಕೊಂಡು ನೋಡಿ.