ಮೂರು ಕಂಠಗಳ ಮೇಳ

ಹಾಡು ಕೇಳಲು ನಾಲ್ಕಾರು ನಿಮಿಷ ಸಾಕು. ಅದನ್ನು ಕಟ್ಟಲು ಎಷ್ಟು ದಿನ ಹಿಡಿದೀತೆಂದು ನಾವು ಯೋಚಿಸುವುದು ಅಪರೂಪ. ಭಜನೆ, ಭಾವಗೀತೆಗಳನ್ನು ಕೇಳಿ ಬೆಳೆದ ನಮಗೆ ಪಾಶ್ಚಾತ್ಯ ರಾಕ್ ಸಂಗೀತ ದೂರದ್ದು. ಆದರೂ ಇಂಗ್ಲೆಂಡಿನ 'ಕ್ವೀನ್' ತಂಡ 1975ರಲ್ಲಿ ಹೊರತಂದ 'ಬೊಹೀಮಿಯನ್ ರಾಪ್ಸೊಡಿ' ಎಂಬ ಹಾಡಿನ ಕಥೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದೆ.

ಇದನ್ನು ರಚಿಸಿದವರು ಫ್ರೆಡ್ಡಿ ಮರ್ಕ್ಯುರಿ. ಹುಟ್ಟುಹೆಸರು ಫರೋಖ್ ಬುಲ್ಸಾರಾ, ಪಾರ್ಸಿ ಮನೆತನ. ಹುಟ್ಟಿದ್ದು 1946ರಲ್ಲಿ, ಆಫ್ರಿಕದ ಜಾಂಜಿಬಾರಿನಲ್ಲಿ. ಎಂಟು ವರ್ಷದ ಮಗನನ್ನು ತಂದೆತಾಯಿ ಸಮುದ್ರ ದಾಟಿಸಿ ಓದಲು ಕಳಿಸಿದ್ದು ನಮ್ಮದೇ ಮಹಾರಾಷ್ಟ್ರದ ಪಂಚಗಣಿಗೆ. ಅಲ್ಲಿಯ ವಸತಿಶಾಲೆಯಲ್ಲಿ ಆ ಬಾಲಕನು ಪಿಯಾನೊ ಕಲಿತನು. ಗೆಳೆಯರನ್ನು ಕೂಡಿಸಿಕೊಂಡು ವಾದ್ಯತಂಡ ಕಟ್ಟಿದನು.

ಈ ಹಾಡಿನ ಅವಧಿ 5 ನಿಮಿಷ 55 ಸೆಕೆಂಡು. ಮರಳಿ ಮರಳಿ ಬರುವ ಪಲ್ಲವಿ ಇದಕ್ಕಿಲ್ಲ. ಕೊಲೆ ಮಾಡಿದ ಹುಡುಗನೊಬ್ಬ ತಾಯಿಯೆದುರು ತೋಡಿಕೊಳ್ಳುವ ಸಂಕಟ ಮೆಲುದನಿಯಲ್ಲಿ ಮೊದಲಾಗುತ್ತದೆ. ಮುಂದೆ ಗಿಟಾರ್, ಅದರ ಬೆನ್ನಿಗೆ ಒಪೆರಾ ಎಂಬ ಗೀತನಾಟಕದ ಧಾಟಿ, ಆಮೇಲೆ ರಾಕ್‌ನ ಅಬ್ಬರ. ಕೊನೆಗೆ ಮತ್ತೆ ಮೆಲುದನಿ.

ಧ್ವನಿಮುದ್ರಣ ಶುರುವಾದದ್ದು 1975ರ ಆಗಸ್ಟಿನಲ್ಲಿ, ವೇಲ್ಸ್ ಪ್ರಾಂತದ ರಾಕ್‌ಫೀಲ್ಡ್‌ನಲ್ಲಿ. ಒಪೆರಾದ ಭಾಗಕ್ಕೆಂದು ಟೇಪಿನಲ್ಲಿ ಚಿಕ್ಕ ಜಾಗ ಖಾಲಿ ಬಿಟ್ಟಿದ್ದರು. ಅದು ದಿನದಿನಕ್ಕೆ ಬೆಳೆದು, ಅದೊಂದಕ್ಕೇ ಸುಮಾರು ಮೂರು ವಾರ ಹಿಡಿಯಿತು. ಕೇಳುವವರಿಗೆ ನೂರಾರು ಜನ ಹಾಡಿದಂತೆ ತೋರುತ್ತದೆ. ಹಾಡಿದವರು ಮೂವರೇ! ತಾರಸ್ಥಾಯಿಗೆ ರೋಜರ್ ಟೇಲರ್, ಮಂದ್ರಕ್ಕೆ ಬ್ರಯನ್ ಮೇ, ನಡುವೆ ಮರ್ಕ್ಯುರಿ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ, ದನಿಯ ಮೇಲೆ ದನಿ ಪೇರಿಸಿದರು. ಟೇಪಿನಲ್ಲಿದ್ದ 24 ಪಟ್ಟಿಗಳು ತುಂಬಿದಾಗ ಹಲವನ್ನು ಒಂದರಲ್ಲಿ ಬೆರೆಸಿ, ಉಳಿದವನ್ನು ತೆರವು ಮಾಡಿ ಪುನಃ ಹಾಡಿದರು. ಹೀಗೆ ಸುಮಾರು 180 ಬಾರಿ ದನಿ ಸೇರಿಸಿದರೆಂದು ಹೇಳುತ್ತಾರೆ. ಯಂತ್ರದಲ್ಲಿ ಓಡಿ ಓಡಿ ಟೇಪಿನ ಮೇಲಣ ಕಂದು ಲೇಪ ಸವೆಯಿತು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವಂತಾಯಿತು.

ಇಷ್ಟು ಉದ್ದದ ಹಾಡು ರೇಡಿಯೊದಲ್ಲಿ ನಡೆಯದು, ಕತ್ತರಿಸಿರೆಂದು ಕಂಪನಿಯವರು ಹೇಳಿದರು. ತಂಡ ಒಪ್ಪಲಿಲ್ಲ. ಹಾಡು ಬ್ರಿಟನ್ನಿನಲ್ಲಿ 9 ವಾರ ಮೊದಲ ಸ್ಥಾನದಲ್ಲಿ ನಿಂತಿತು. 1991ರಲ್ಲಿ ಮರ್ಕ್ಯುರಿ ತೀರಿಕೊಂಡ ಬಳಿಕ ಮತ್ತೊಮ್ಮೆ ಅದೇ ಸ್ಥಾನಕ್ಕೇರಿತು.

ಸ್ನೇಹಸಮ್ಮೇಳನ ಹತ್ತಿರವಾದಾಗ ಕೆಲವು ಪಾಲಕರು ನಮ್ಮನ್ನು ಕೇಳುವುದುಂಟು: "ಸರ, ಹಾಡಿನ ತಾಲೀಮಿನಾಗ ಹುಡುಗರ ಅಭ್ಯಾಸ ಹಾಳಾಗೂದಿಲ್ಲೇನ್ರಿ?" ಅವರ ಚಿಂತೆ ನಮಗೆ ತಿಳಿಯುತ್ತದೆ. ಆದರೆ ಬರೆದುದನ್ನು ಅಳಿಸಿ ಮತ್ತೆ ಬರೆಯುವ, ತನ್ನ ದನಿಯನ್ನು ಪಕ್ಕದವನ ದನಿಗೆ ಹೊಂದಿಸುವ ತಾಳ್ಮೆಯೂ ಅಭ್ಯಾಸವೇ ಅಲ್ಲವೇ? ಗಣಿತದ ವಹಿಯಲ್ಲಿ ಬೇಕಾದದ್ದೂ ಅದೇ ತಾಳ್ಮೆ.

ಇನ್ನೊಂದು ಮಾತು. ಕಬ್ಬು ಕಡಿಯಲು ಹೋದ ತಂದೆತಾಯಿಯನ್ನು ಬಿಟ್ಟು, ಅಜ್ಜಿಯ ಆಸರೆಯಲ್ಲಿ ಓದುವ ಮಕ್ಕಳು ನಮ್ಮ ವರ್ಗಗಳಲ್ಲಿದ್ದಾರೆ. ದಿನವಿಡೀ ಮಾತನಾಡದ ಹುಡುಗಿ ಸಮೂಹಗೀತೆಯ ಕೊನೆಯ ಸಾಲಿನಲ್ಲಿ ನಿಂತು ಬಾಯಿಬಿಟ್ಟು ಹಾಡುವುದನ್ನು ನಾವು ಕಂಡಿದ್ದೇವೆ. ಪಂಚಗಣಿಯಲ್ಲಿ ಮನೆಯಿಂದ ದೂರವಿದ್ದ ಆ ಬಾಲಕನಿಗೆ ಪಿಯಾನೊ ಸಿಕ್ಕಿತು. ನಮ್ಮಲ್ಲಿರುವುದು ಒಂದು ಹಾರ್ಮೋನಿಯಂ, ಸಂಜೆಯ ಒಂದು ತಾಸು. ಆ ಒಂದು ತಾಸನ್ನು ಮಕ್ಕಳಿಗೆ ಉಳಿಸಿಕೊಡಬೇಕೆಂದು ಪಾಲಕರಲ್ಲಿ ನಮ್ಮ ವಿನಂತಿ.