ಮೂರು ಶಿಫ್ಟೂ ನೋಡು

2016ರ ಧನುರ್ಮಾಸದ ಒಂದು ರಾತ್ರಿ. ಕ್ಯಾಸಂಬಳ್ಳಿಯ ನಮ್ಮ ಹೊಲದಲ್ಲಿ ತ್ರೀ ಫೇಸ್ ಕರೆಂಟು ಕಾಯುತ್ತಾ ಬೆಂಕಿ ಹಾಕಿಕೊಂಡು ಕೂತಿದ್ದೆವು. ಟೊಮೆಟೊಗೆ ನೀರು ಬಿಡಬೇಕಿತ್ತು. ಕರೆಂಟು ಹನ್ನೆರಡಕ್ಕೂ ಬರಬಹುದು, ಎರಡಕ್ಕೂ ಬರಬಹುದು. ನೀಲಗಿರಿ ಕಟ್ಟಿಗೆ ಚಟಪಟ ಉರಿಯುತ್ತಿತ್ತು, ಕೆಂಡದ ಅಂಚಿನಲ್ಲಿ ಅವರೆಕಾಯಿ ಸುಡುತ್ತಿದ್ದವು. ದೊಡ್ಡಪ್ಪ ಕಂಬಳಿ ಹೊದ್ದು ಒಂದು ಕಡೆ, ನಾನು ಇನ್ನೊಂದು ಕಡೆ. ನಡುವೆ ಅಣ್ಣನ ಮಗ, ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹಾಟ್‌ಸ್ಪಾಟ್ ಹಾಕಿದ ಫೋನು. ಆ ಸೆಪ್ಟೆಂಬರಿನಲ್ಲಿ ಜಿಯೋ ಬಂದಿತ್ತಲ್ಲ, ಹೊಲದಲ್ಲಿ ಕೂತು ಇಂಥ ಕೆಲಸ ಮಾಡುವುದು ಆಗಲೇ ಸಾಧ್ಯವಾಗಿದ್ದು.

ಹುಡುಗ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದ. ಕೋಲಾರದ ಮಾರುಕಟ್ಟೆಯಲ್ಲಿ ಅವತ್ತು ಟೊಮೆಟೊ ಬಾಕ್ಸು ಎಷ್ಟಕ್ಕೆ ಹೋಯಿತು, ರೇಷ್ಮೆಗೂಡಿನ ರೇಟು ಎಷ್ಟು ಅನ್ನುವುದನ್ನು ಊರವರು ಫೋನಿನಲ್ಲಿ ನೋಡುವಂತೆ ಒಂದು ಪುಟ ಕಟ್ಟಿದ್ದ. ಮಂಡಿಯಲ್ಲಿದ್ದ ಗೆಳೆಯರು ವಾಟ್ಸಾಪಿನಲ್ಲಿ ರೇಟು ಕಳಿಸುವರು, ಇವನು ಏರಿಸುವನು. ಬೆಲೆ ಗೊತ್ತಿಲ್ಲದೆ ಮಾಲು ತುಂಬಿಸಿಕೊಂಡು ಹೋಗಿ ಬಾಡಿಗೆಯೂ ಹುಟ್ಟದೆ ವಾಪಸಾದವರನ್ನು ಚಿಕ್ಕಂದಿನಿಂದ ನೋಡಿದ್ದವನು ಅವನು. ಪುಟವನ್ನು ಇಡಲು ಒಂದು ಸರ್ವರ್ ಬೇಕಿತ್ತು, ಖರ್ಚು ಅವನ ಕೈಯದೇ.

ಅಮೆರಿಕದ ಪೂರ್ವ ತೀರದಲ್ಲಿ ಸರ್ವರ್ ಇಟ್ಟಿದ್ದ ಒಂದು ಅಗ್ಗದ ಕಂಪನಿ ಸಿಕ್ಕಿತ್ತು. ವರ್ಷಕ್ಕೆ 15 ಡಾಲರ್, ಅಂದಿನ ಲೆಕ್ಕದಲ್ಲಿ ಸಾವಿರ ರೂಪಾಯಿ ಚಿಲ್ಲರೆ. ಅದೇ ವರ್ಷ ಡಿಜಿಟಲ್ ಓಷನ್ ಬೆಂಗಳೂರಿನಲ್ಲೂ ತನ್ನ ಸರ್ವರುಗಳನ್ನು ತೆರೆದಿತ್ತು. ಅಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೆ ತಿಂಗಳಿಗೆ 5 ಡಾಲರ್, ವರ್ಷಕ್ಕೆ ನಾಲ್ಕು ಸಾವಿರ ಆಗುತ್ತಿತ್ತು. ಬೆಂಗಳೂರಿನ ಆಫೀಸೊಂದರಲ್ಲಿ ಸರ್ವರುಗಳನ್ನು ನೋಡಿಕೊಳ್ಳುವುದೇ ನನ್ನ ಕಸುಬು. ಸುಮ್ಮನೆ ಕೊಳ್ಳಬೇಡ, ಅಗ್ಗದ್ದನ್ನು ತಿಂಗಳ ಮಟ್ಟಿಗೆ, ಬೆಂಗಳೂರಿನದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡು ಪರೀಕ್ಷೆ ಮಾಡು ಅಂದಿದ್ದೆ.

ಮೊದಲು ಪಿಂಗ್, ಕೂಗಿದರೆ ಓಗೊಡಲು ಎಷ್ಟು ಹೊತ್ತು ಅನ್ನುವ ಪರೀಕ್ಷೆ. ಬೆಂಗಳೂರಿನದು 50 ಮಿಲಿಸೆಕೆಂಡಿನೊಳಗೆ ಓಗೊಟ್ಟಿತು, ಅಮೆರಿಕದ್ದು 280ರ ಸುತ್ತಮುತ್ತ. ಹುಡುಗನ ಮುಖ ಸಪ್ಪಗಾಯಿತು. ಇದರಲ್ಲಿ ಅಗ್ಗ ದುಬಾರಿಯ ಮಾತೇ ಇಲ್ಲ ಅಂತ ಹೇಳಿದೆ. ಗಾಜಿನ ತಂತಿಯೊಳಗೆ ಬೆಳಕು ಓಡುವುದೇ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್. ಆ ತೀರ ಇಲ್ಲಿಂದ ಹದಿಮೂರು ಸಾವಿರ ಕಿಲೋಮೀಟರಿಗೂ ದೂರ. ತಂತಿ ನೇರವಾಗಿ ಎಳೆದಿದ್ದರೂ ಹೋಗಿಬರಲು 130 ಮಿಲಿಸೆಕೆಂಡು ಬೇಕೇ ಬೇಕು. ಸಮುದ್ರದಡಿಯ ಕೇಬಲ್ಲೋ ಸುತ್ತಿ ಬಳಸಿ ಹೋಗುತ್ತದೆ. ರೇಟು ನೋಡುವ ರೈತನಿಗೆ ಕಾಲು ಸೆಕೆಂಡು ತಡವಾದರೆ ನಷ್ಟವೇನಿಲ್ಲ.

ಆಮೇಲೆ ಅಗ್ಗದ ಸರ್ವರಿನ ಡಿಸ್ಕು. ‘ಡಿಡಿ’ ಅನ್ನುವ ಹಳೆಯ ಆಜ್ಞೆ ಕೊಟ್ಟು ಫೈಲೊಂದನ್ನು ಬರೆಸಿದ. ಸೆಕೆಂಡಿಗೆ ಒಂದು ಗಿಗಾಬೈಟಿಗೂ ಮೇಲೆ ಅಂತ ಉತ್ತರ ಬಂತು. ಹುಡುಗ ಕುಣಿದಾಡುವುದೊಂದು ಬಾಕಿ. ಆದರೆ ಲಿನಕ್ಸು ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯ್ತು’ ಅಂದುಬಿಡುತ್ತದೆ, ಡಿಸ್ಕಿಗೆ ಇಳಿಸುವುದು ಆಮೇಲೆ. ಡಿಸ್ಕಿಗೆ ಇಳಿದ ಮೇಲೆಯೇ ಉತ್ತರ ಹೇಳು ಅನ್ನಲು ಎಫ್‌ಡೇಟಾಸಿಂಕ್ ಅಂತ ಒಂದು ಮಾತು ಸೇರಿಸಬೇಕು. ಸೇರಿಸಿದ. ನಲವತ್ತು ಮೆಗಾಬೈಟೂ ದಾಟಲಿಲ್ಲ. ಅಗ್ಗದ ಸರ್ವರುಗಳ ಬಗ್ಗೆ ಜನ ಹಂಚಿಕೊಳ್ಳುವ ಎಷ್ಟೋ ಅಂಕಿಗಳು ಈ ಒಂದು ಮಾತಿಲ್ಲದೆ ಅಳೆದವು. ಅವನ್ನು ನಂಬಿ ದುಡ್ಡು ಕಟ್ಟುವ ಹುಡುಗರನ್ನು ಕಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೂರನೆಯದು ‘ಟಾಪ್’ ಅನ್ನುವ ಆಜ್ಞೆ. ಸಿಪಿಯು ಸಾಲಿನ ಕೊನೆಯಲ್ಲಿ ‘ಎಸ್‌ಟಿ’ ಅಂತ ಒಂದು ಅಂಕಿ ಇರುತ್ತದೆ, ಸ್ಟೀಲ್ ಅಂದರೆ ಕಳವು ಅಂತ. ನಮ್ಮ ಸರ್ವರ್ ಕೆಲಸಕ್ಕೆ ತಯಾರಾಗಿ ನಿಂತಿದ್ದರೂ ಸರದಿ ಸಿಗದೆ ಶೇಕಡ ಎಷ್ಟು ಹೊತ್ತು ಕಾದಿತು ಅನ್ನುವ ಲೆಕ್ಕ ಅದು. ಒಂದೇ ಯಂತ್ರವನ್ನು ಹತ್ತಾರು ಪಾಲು ಮಾಡಿ, ಎಲ್ಲರೂ ಒಟ್ಟಿಗೆ ಕೇಳಲಾರರು ಅನ್ನುವ ಧೈರ್ಯದ ಮೇಲೆ ಮಾರಿರುತ್ತಾರೆ. ಅವತ್ತು ಅದು 25ರ ಆಸುಪಾಸಿನಲ್ಲಿತ್ತು.

ದೊಡ್ಡಪ್ಪ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ಅಂಗಾದ್ರೆ ಅದೂ ನಮ್ಮ ಟ್ರಾನ್ಸ್‌ಫಾರ್ಮರ್ ತರಾನೇ ಅನ್ನು. ತ್ರೀ ಫೇಸ್ ಬಂದೇಟಿಗೆ ಎಲ್ಲಾರೂ ಸ್ಟಾರ್ಟರ್ ಒತ್ತಿದ್ರೆ ವೋಲ್ಟೇಜು ಬಿದ್ದೋಗಿ ಯಾರ ಮೋಟ್ರೂ ಎತ್ತಲ್ಲ.”

“ಅದೇ ತಾತ.”

“ಅಲ್ಲಿ ಈಗ ಎಷ್ಟು ಗಂಟೆ?”

ನಮಗೆ ಹನ್ನೆರಡಾಗಿತ್ತು. ಅಲ್ಲಿ ಮಧ್ಯಾಹ್ನ ಒಂದೂವರೆ ಅಂದ ಹುಡುಗ, ಅಂದವನೇ ನೆಟ್ಟಗೆ ಕೂತ. ಅವರಿಗೆ ಹಗಲು, ಎಲ್ಲರೂ ಎದ್ದಿರುವ ಹೊತ್ತು. ನಮ್ಮೂರವರು ರೇಟು ನೋಡುವುದು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ, ಆಗ ಅಲ್ಲಿ ನಡುರಾತ್ರಿ. ಎಲ್ಲರೂ ಮಲಗಿರುವಾಗ ಸರ್ವರ್ ಪೂರಾ ನಮ್ಮದೇ!

ದೊಡ್ಡಪ್ಪ ಒಪ್ಪಲಿಲ್ಲ. ಅವರು ಕೆಜಿಎಫ್ ಗಣಿಯಲ್ಲಿ ದುಡಿದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಇದ್ದವರು. ಆ ಬೆಂಕಿಯ ಮುಂದೆ ಅವರು ಹೇಳಿದ್ದು ಶಿವನಸಮುದ್ರದ ಕಥೆ. 1902ರಲ್ಲಿ ಅಲ್ಲಿಂದ ಗಣಿಗೆ 92 ಮೈಲಿ ತಂತಿ ಎಳೆದು ಕರೆಂಟು ತಂದರು, ಇಡೀ ದೇಶ ಬೆರಗಾಯಿತು. ಬೇಸಗೆ ಬಂದಾಗ ಕಾವೇರಿ ಸೊರಗುವಳು, ಗಣಿಗೆ ಬೇಕಾದಷ್ಟು ಕರೆಂಟಿಗೆ ಹರಿವು ಸಾಲದು. ಮಳೆಗಾಲದ ಹೊಳೆ ನೋಡಿ ಗಣಿ ನಡೆಸಲಾಗುತ್ತದೆಯೆ? 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಈ ಗಣಿಯ ಕರೆಂಟೂ ಒಂದು ಕಾರಣ. ಅದನ್ನು ಹೇಳುವಾಗ ದೊಡ್ಡಪ್ಪನ ದನಿಯೇ ಬೇರೆಯಾಗುತ್ತಿತ್ತು, ಕಟ್ಟೆಯನ್ನು ತಮಗಾಗಿಯೇ ಕಟ್ಟಿದರೇನೋ ಅನ್ನುವಂತೆ.

“ಒಂದೊತ್ತು ನೋಡಿ ಹೇಳಬ್ಯಾಡ ಕಣಪ್ಪಾ. ಗಣೀಲಿ ಮೂರು ಶಿಫ್ಟು. ಮೂರು ಶಿಫ್ಟೂ ನೋಡು.”

ಐದೈದು ನಿಮಿಷಕ್ಕೊಮ್ಮೆ ಎಸ್‌ಟಿ ಎಷ್ಟು, ಡಿಸ್ಕು ಓಗೊಡಲು ಎಷ್ಟು ಹೊತ್ತು ತಗೊಂಡಿತು ಅಂತ ಬರೆದಿಡುವ ಸಣ್ಣ ಸ್ಕ್ರಿಪ್ಟು ಕೂರಿಸಿದೆವು. ಡಿಸ್ಕಿಗೆ ಐಒಪಿಂಗ್ ಸಾಕಾಯಿತು, ಅದು ಚೂರೇ ಚೂರು ಓದಿ ಸುಮ್ಮನಾಗುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಭಾರದ ಪರೀಕ್ಷೆ ಹಚ್ಚಿಟ್ಟರೆ ಪಕ್ಕದವರ ಪಾಲನ್ನು ನಾವೇ ಕಸಿದಂತಾಗುತ್ತದೆ, ಅದು ನ್ಯಾಯವಲ್ಲ. ಅಷ್ಟರಲ್ಲಿ ಶೆಡ್ಡಿನ ಬಲ್ಬು ಪ್ರಕಾಶವಾಯಿತು. ಕರೆಂಟು ಬಂದಿತ್ತು, ಮೋಟರಿಗೆ ಓಡಿದೆವು.

ಮರುದಿನ ಮಧ್ಯಾಹ್ನ ಮನೆಯ ಜಗಲಿಯಲ್ಲಿ ಕೂತು ಲೆಕ್ಕ ತೆಗೆದೆವು. ಬೆಳಗಿನ ಜಾವ ನಾಲ್ಕರ ನಂತರ ಎಸ್‌ಟಿ ಇಳಿಯುತ್ತಾ ಬಂದು ಒಂಬತ್ತರ ಹೊತ್ತಿಗೆ ಸೊನ್ನೆ ಮುಟ್ಟಿತ್ತು. ಹುಡುಗನ ಊಹೆ ಅಲ್ಲಿಯವರೆಗೆ ನಿಜ. ಹತ್ತೂವರೆಗೆ ಸರಿಯಾಗಿ ಡಿಸ್ಕು ಕುಸಿದಿತ್ತು. ಒಂದು ಮಿಲಿಸೆಕೆಂಡಿನೊಳಗೆ ಓಗೊಡುತ್ತಿದ್ದದ್ದು ನೂರಾರು ಮಿಲಿಸೆಕೆಂಡು, ಒಮ್ಮೊಮ್ಮೆ ಸೆಕೆಂಡಿಗೂ ಮೇಲೆ. ಹನ್ನೊಂದು ದಾಟಿದ ಮೇಲೆಯೇ ಚೇತರಿಕೆ. ಹತ್ತೂವರೆ ಅಂದರೆ ಅಲ್ಲಿ ರಾತ್ರಿ ಹನ್ನೆರಡು. ದಿನದ ಬ್ಯಾಕಪ್ಪನ್ನು ಹನ್ನೆರಡಕ್ಕೆ ಇಡುವುದು ಸರ್ವರ್ ನಡೆಸುವವರ ವಾಡಿಕೆ. ಮಲಗುವ ಮುಂಚೆ ಎಲ್ಲರೂ ಅದೇ ಗಳಿಗೆಗೆ ಕೆಲಸ ಹಚ್ಚಿಟ್ಟಿದ್ದರು, ಒಂದೇ ಡಿಸ್ಕಿನ ಮೇಲೆ. ನಮ್ಮೂರು ರೇಟು ಕೇಳುವ ಗಳಿಗೆಯೂ ಅದೇ.

ನಾಲ್ಕು ಸಾವಿರದ ಮಾತು ಎತ್ತಿದೆ, ನಾನೇ ಕೊಡುತ್ತೇನೆ ಅಂದೆ. ಹುಡುಗ ಬೇಡ ಚಿಕ್ಕಪ್ಪ ಅಂದ. ಸಂಜೆಯವರೆಗೆ ಏನನ್ನೋ ಗೀಚಿ ಅಳಿಸಿ, ಡೇಟಾಬೇಸನ್ನೇ ಕಿತ್ತುಹಾಕಿದ. ದಿನದ ರೇಟು ಅಂದರೆ ನಾಲ್ಕೈದು ಕಿಲೋಬೈಟ್. ಬದಲಾದಾಗ ಒಂದು ಸಾದಾ ಪುಟ ಬರೆದು ಅದನ್ನು ಮೆಮೊರಿಯಲ್ಲೇ ಇಟ್ಟರೆ, ನೋಡಲು ಬಂದವರಿಗೆ ಡಿಸ್ಕು ಮುಟ್ಟದೆ ಕೊಡಬಹುದು. ಮೆಮೊರಿಯಾದರೂ ನಿಜಕ್ಕೂ ನಮ್ಮದೇನಾ ಅಂತ ಕೇಳಿದೆ. ಯಂತ್ರವನ್ನು ಪಾಲು ಮಾಡಿರುವುದು ಕೆವಿಎಂ ಬಗೆಯಲ್ಲಿ, ಕೊಟ್ಟ 256 ಮೆಗಾಬೈಟನ್ನೂ ತುಂಬಿಸಿ ನೋಡಿದ್ದೇನೆ ಅಂದ. ಅದು ನಾನು ಹೇಳಿಕೊಟ್ಟ ಪರೀಕ್ಷೆಯಲ್ಲ. ಅವತ್ತು ಎಷ್ಟು ಹೆಮ್ಮೆಪಟ್ಟೆನೋ.

ದೊಡ್ಡಪ್ಪ ಕೇಳಿದ್ದು ಒಂದೇ: “ವರ್ಷದ್ದು ಒಟ್ಟಿಗೆ ಕಟ್ಟಿಬಿಟ್ಯಾ?”

“ಇಲ್ಲ ತಾತ, ತಿಂಗಳು ತಿಂಗಳು ಕಟ್ತೀನಿ. ಸ್ಕ್ರಿಪ್ಟು ಓಡ್ತಾನೇ ಇರುತ್ತೆ.”

ಓಡುತ್ತಲೇ ಇತ್ತು. ಮಾರ್ಚಿನಲ್ಲಿ ಒಂದು ದಿನ ಫೋನು ಮಾಡಿದ. ಡಿಸ್ಕು ಕುಸಿಯುವ ಹೊತ್ತು ಇದ್ದಕ್ಕಿದ್ದಂತೆ ಹತ್ತೂವರೆಯಿಂದ ಒಂಬತ್ತೂವರೆಗೆ ಬಂದಿದೆಯಂತೆ. ನಾನು ಬಾಯಿ ತೆರೆಯುವ ಮೊದಲೇ ಕಾರಣವನ್ನೂ ಅವನೇ ಹೇಳಿದ. 2017ರ ಮಾರ್ಚ್ 12ಕ್ಕೆ ಅಮೆರಿಕದಲ್ಲಿ ಬೇಸಗೆಗೆಂದು ಗಡಿಯಾರ ಒಂದು ಗಂಟೆ ಮುಂದೆ ಹೋಗಿತ್ತು.